ಹಳೆಯ ಆವೃತ್ತಿಗೆ ಹೋದರೆ ತಲೆನೋವು ಹೋಗುತ್ತದೆಯೇ?

ಪ್ರಶ್ನೆ: ನಾವು ಐದು ಜನ ಸೇರಿ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಆಡುತ್ತೇವೆ, ಮೇಜಿನ ಸುತ್ತ ಕೂತು ದಾಳ ಉರುಳಿಸಿ ಕಥೆ ನಡೆಸುವ ಪಾತ್ರಾಭಿನಯದ ಆಟ. ನಾನು ಡಂಜನ್ ಮಾಸ್ಟರ್, ಅಂದರೆ ಕಥೆ ನಡೆಸಿ ತೀರ್ಪು ಹೇಳುವ ವ್ಯಕ್ತಿ, ಉಳಿದ ನಾಲ್ವರು ಆಟಗಾರರು. ಆಡುತ್ತಿರುವುದು 2014ರ ಐದನೇ ಆವೃತ್ತಿ, ಪಾತ್ರಗಳೆಲ್ಲ ಈಗ 5ನೇ ಲೆವೆಲ್. ಒಬ್ಬ ಗೆಳೆಯ ಮೂರನೇ ಆವೃತ್ತಿಯ ಪರಿಷ್ಕೃತ ರೂಪವಾದ 3.5 ಆಡಿ ಪಳಗಿದವನು. ಅವನ ಫೈಟರ್ (ಯೋಧನ ಪಾತ್ರ) 20ನೇ ಲೆವೆಲ್‌ವರೆಗೆ ಏನೇನು ತೆಗೆದುಕೊಳ್ಳಬೇಕು ಅನ್ನುವುದು ಈಗಾಗಲೇ ಸ್ಪ್ರೆಡ್‌ಶೀಟ್‌ನಲ್ಲಿದೆ. ಕೈಯಲ್ಲಿ ಉದ್ದ ಹಿಡಿಯ ಆಯುಧವಾದ ಗ್ಲೇವ್, ಜೊತೆಗೆ ಗ್ರೇಟ್ ವೆಪನ್ ಮಾಸ್ಟರ್, ಪೋಲ್‌ಆರ್ಮ್ ಮಾಸ್ಟರ್ ಎರಡೂ ಫೀಟ್, ಅಂದರೆ ಆರಿಸಿಕೊಳ್ಳುವ ವಿಶೇಷ ಸಾಮರ್ಥ್ಯಗಳು. ಹೊಸದಾಗಿ ಸೇರಿದ ಗೆಳತಿಯದೂ ಫೈಟರೇ: ಚಾಂಪಿಯನ್ ಎಂಬ ಬಗೆ, ಕತ್ತಿ, ಗುರಾಣಿ. ಕಳೆದ ಬಾರಿ ಅವಳು, "ಅವನೇ ಎಲ್ಲರನ್ನೂ ಹೊಡೆದು ಮುಗಿಸ್ತಾನೆ, ನಾನ್ಯಾಕೆ ಬರಲಿ?" ಅಂದಳು. ಮೂರನೆಯವನು, "ಈ ಬಿಲ್ಡ್ ರೋಗ ಶುರುವಾಗಿದ್ದೇ 2000ದಲ್ಲಿ, 1981ರ ಬೇಸಿಕ್‌ಗೆ ಹೋಗೋಣ" ಅನ್ನುತ್ತಾನೆ, ಅಂದರೆ ಇದೇ ಆಟದ ಹಳೆಯ, ಚಿಕ್ಕ ಆವೃತ್ತಿಗೆ. ನಾಲ್ಕನೆಯವಳು ಇದೇ ಬಗೆಯ ಇನ್ನೊಂದು ಆಟವಾದ ಪಾತ್‌ಫೈಂಡರ್ ಎರಡನೇ ಆವೃತ್ತಿಯೇ ಸರಿ ಅನ್ನುತ್ತಾಳೆ. ಎತ್ತು ಏರಿಗೆ, ಕೋಣ ನೀರಿಗೆ ಆಗಿದೆ. ಯಾವ ಆವೃತ್ತಿ ಒಳ್ಳೆಯದು? ಹೀಗೆ ಲೆಕ್ಕ ಹಾಕಿ ಪಾತ್ರ ಕಟ್ಟುವುದು ಮೋಸವಲ್ಲವೇ?

ಉತ್ತರ: ನೀವು ಕೇಳಿರುವುದು ಆವೃತ್ತಿಯ ಬಗ್ಗೆ, ಆದರೆ ನಿಮ್ಮನ್ನು ಕಾಡುತ್ತಿರುವುದು ಆ ಗೆಳತಿ ಆಟ ಬಿಟ್ಟುಬಿಡುತ್ತಾಳೆ ಅನ್ನುವ ಭಯ. ಎರಡನ್ನೂ ಬೇರೆ ಬೇರೆ ಇಟ್ಟು ನೋಡೋಣ. ಆವೃತ್ತಿ ಬದಲಿಸಿದ ಎಷ್ಟೋ ಗುಂಪುಗಳು ಅದೇ ಜಗಳವನ್ನು ಹೊಸ ಪುಸ್ತಕದ ಮೇಲೆ ಮುಂದುವರಿಸಿದ್ದನ್ನು ನೋಡಿದ್ದೇನೆ.

ಮೊದಲು ಒಂದು ಗೊಂದಲ ತೆಗೆಯಬೇಕು. "ಕಷ್ಟದ ಆಟ" ಅಂದಾಗ ಜನ ಎರಡು ಬೇರೆ ವಿಷಯಗಳನ್ನು ಒಂದೇ ಮಾತಲ್ಲಿ ಹೇಳುತ್ತಾರೆ. ಒಂದು, ಮೇಜಿಗೆ ಬರುವ ಮುಂಚೆ ಎಷ್ಟು ತೀರ್ಮಾನ ಮಾಡಬೇಕು ಅನ್ನುವುದು, ಅಂದರೆ ಬಿಲ್ಡ್. ಇನ್ನೊಂದು, ದಾಳ ಉರುಳಿಸುವ ಹೊತ್ತಿಗೆ ಎಷ್ಟು ನಿಯಮ ತಲೆಯಲ್ಲಿರಬೇಕು ಅನ್ನುವುದು. ಇವೆರಡೂ ಒಟ್ಟಿಗೆ ಏರುವುದೂ ಇಲ್ಲ, ಒಟ್ಟಿಗೆ ಇಳಿಯುವುದೂ ಇಲ್ಲ. ಐವತ್ತು ವರ್ಷಗಳಲ್ಲಿ ಈ ಆಟದಲ್ಲಿ ಆದ ದೊಡ್ಡ ಬದಲಾವಣೆ ಭಾರ ಹೆಚ್ಚಾದದ್ದೋ ಕಡಿಮೆಯಾದದ್ದೋ ಅಲ್ಲ. ಭಾರ ಯಾರ ಹೆಗಲ ಮೇಲೆ, ಯಾವ ಹೊತ್ತಿನಲ್ಲಿ ಬೀಳುತ್ತದೆ ಅನ್ನುವುದು ಬದಲಾಗಿದೆ.

ಹಳೆಯದೆಲ್ಲ ಸರಳ ಅನ್ನುವ ನಿಮ್ಮ ಮೂರನೆಯ ಗೆಳೆಯನ ಮಾತು ಅರ್ಧ ನಿಜ. 1974ರಲ್ಲಿ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಹೊರತಂದ ಮೂರು ಸಣ್ಣ ಪುಸ್ತಕಗಳಲ್ಲಿ ಇದ್ದದ್ದು ಮೂರೇ ಕ್ಲಾಸ್, ಅಂದರೆ ಪಾತ್ರದ ವೃತ್ತಿ: ಫೈಟಿಂಗ್ ಮ್ಯಾನ್, ಮ್ಯಾಜಿಕ್ ಯೂಸರ್, ಕ್ಲೆರಿಕ್. ಕಳ್ಳನ ಕ್ಲಾಸ್ ಬಂದದ್ದು ಮರುವರ್ಷದ ಪುರವಣಿಯಲ್ಲಿ. ಆ ಮೊದಲ ಪುಸ್ತಕಗಳಲ್ಲಿ ಸ್ಟ್ರೆಂತ್ (ದೇಹಬಲದ ಅಂಕ) 18 ಇದ್ದರೂ ಏಟು ತಾಗುವ ಸಾಧ್ಯತೆ ಒಂದಿಷ್ಟೂ ಹೆಚ್ಚುತ್ತಿರಲಿಲ್ಲ. ಫೈಟರ್‌ಗೆ ಅನುಭವದ ಅಂಕ ಸ್ವಲ್ಪ ಬೇಗ ಸಿಗುತ್ತಿತ್ತು, ಅಷ್ಟೇ. ಹಾಗಾಗಿ ಕಟ್ಟುವುದಕ್ಕೆ ಏನೂ ಇರಲಿಲ್ಲ, ದಾಳ ಕೊಟ್ಟದ್ದನ್ನು ಹಿಡಿದು ಗುಹೆಗೆ ಇಳಿಯಬೇಕಿತ್ತು.

ಆದರೆ ಇದೇ ಆಟದ ವಿಸ್ತೃತ ರೂಪವಾದ 1978-79ರ ಅಡ್ವಾನ್ಸ್ಡ್ ಪುಸ್ತಕಗಳನ್ನು ತೆರೆದು ನೋಡಿ. ಆಟಗಾರ ಆರಿಸಬೇಕಾದದ್ದು ಈಗಲೂ ಸ್ವಲ್ಪವೇ, ಮೇಜಿನ ಮೇಲಿನ ನಿಯಮಗಳು ಮಾತ್ರ ಕಬ್ಬಿಣದ ಕಡಲೆ. ಯಾವ ಆಯುಧ ಯಾವ ಕವಚದ ಎದುರು ಎಷ್ಟು ಕೂಡಬೇಕು, ಎಷ್ಟು ಕಳೆಯಬೇಕು ಅನ್ನುವುದಕ್ಕೇ ಒಂದು ಕೋಷ್ಟಕ. ಆಯುಧದ ವೇಗಕ್ಕೆ ಬೇರೆ ಅಂಕ. ಫೈಟರ್‌ಗಳಿಗೆ ಮಾತ್ರ 18ರ ಮೇಲೆ ಶೇಕಡಾವಾರು ಸ್ಟ್ರೆಂತ್. ಎಲ್ಫ್, ಡ್ವಾರ್ಫ್‌ನಂಥ ಮನುಷ್ಯೇತರ ಪಾತ್ರಗಳು ಎಷ್ಟನೇ ಲೆವೆಲ್‌ವರೆಗೆ ಏರಬಹುದು ಅನ್ನುವುದಕ್ಕೆ ಮಿತಿ. ಏಟು ತಾಗಿತೇ ಎಂದು ನೋಡುವ ಕೋಷ್ಟಕಗಳಂತೂ ಡಂಜನ್ ಮಾಸ್ಟರ್‌ನ ಪುಸ್ತಕದಲ್ಲಿದ್ದವು, ಆಟಗಾರನ ಪುಸ್ತಕದಲ್ಲಲ್ಲ. ಆಟಗಾರನಿಗೆ ಸರಳ ಅನಿಸಿದ್ದರೆ ಅದಕ್ಕೆ ಕಾರಣ ಭಾರವನ್ನು ಇನ್ನೊಬ್ಬರು ಹೊತ್ತಿದ್ದದ್ದು. ನಿಮ್ಮ ಗುಂಪಿನಲ್ಲಿ ಆ ಇನ್ನೊಬ್ಬರು ನೀವೇ ಅನ್ನುವುದು ನೆನಪಿರಲಿ.

ಬಿಲ್ಡ್ ರೋಗ 2000ದಲ್ಲಿ ಶುರುವಾಯಿತು ಅನ್ನುವುದೂ ಪೂರ್ತಿ ಸರಿಯಲ್ಲ. 1989ರ ಎರಡನೇ ಆವೃತ್ತಿಯ ಬೆನ್ನಿಗೇ ಒಂದೊಂದು ಕ್ಲಾಸಿಗೂ ಕೈಪಿಡಿ ಬಂತು, ಅವುಗಳಲ್ಲಿ ಕಿಟ್‌ಗಳು, ಅಂದರೆ ಕ್ಲಾಸಿನೊಳಗಿನ ಸಿದ್ಧ ಬಗೆಗಳು ಬಂದವು. 1995ರ ಪ್ಲೇಯರ್ಸ್ ಆಪ್ಷನ್ ಪುಸ್ತಕಗಳಲ್ಲಿ ಅಂಕ ಕೊಟ್ಟು ಸಾಮರ್ಥ್ಯ ಕೊಳ್ಳುವ ವ್ಯವಸ್ಥೆಯೇ ಇತ್ತು. ಲೆಕ್ಕ ಹಾಕುವವರು ಆಗಲೂ ಲೆಕ್ಕ ಹಾಕುತ್ತಿದ್ದರು.

2000ದ ಮೂರನೇ ಆವೃತ್ತಿ ಮಾಡಿದ್ದೇ ಬೇರೆ. ಮೇಜಿನ ಮೇಲಿನ ಹತ್ತಾರು ಪದ್ಧತಿಗಳನ್ನು ತೆಗೆದು, ಇಪ್ಪತ್ತು ಮುಖದ ದಾಳ ಉರುಳಿಸಿ ಬೋನಸ್ ಕೂಡಿಸಿ, ಹೆಚ್ಚು ಬಂದರೆ ಗೆಲುವು ಅನ್ನುವ ಒಂದೇ ಸೂತ್ರಕ್ಕೆ ತಂದಿತು. ಕಲಿಯುವುದಕ್ಕೆ ಇದು ಹಿಂದಿನದಕ್ಕಿಂತ ಎಷ್ಟೋ ಸುಲಭ. ಉಳಿಸಿದ ಭಾರವನ್ನೆಲ್ಲ ಪಾತ್ರದ ವಿವರ ಬರೆಯುವ ಕ್ಯಾರೆಕ್ಟರ್ ಶೀಟ್ ಮೇಲೆ ಹೇರಿತು: ಫೀಟ್, ಸ್ಕಿಲ್ ಪಾಯಿಂಟ್, ಮುಂದೆ ಸೇರಬಹುದಾದ ಪ್ರೆಸ್ಟೀಜ್ ಕ್ಲಾಸ್, ಬೇಕೆಂದಾಗ ಇನ್ನೊಂದು ಕ್ಲಾಸ್ ಬೆರೆಸುವ ಮಲ್ಟಿಕ್ಲಾಸ್. ನಿಮ್ಮ ಗೆಳೆಯ ಸ್ಪ್ರೆಡ್‌ಶೀಟ್ ಕಲಿತದ್ದು ಈ ಶಾಲೆಯಲ್ಲಿ, ಅವನನ್ನು ಅರ್ಥ ಮಾಡಿಕೊಳ್ಳಲು ಒಂದು ಉದಾಹರಣೆ ನೋಡಿದರೆ ಸಾಕು.

3.5ರಲ್ಲಿ ವರ್ಲ್‌ವಿಂಡ್ ಅಟ್ಯಾಕ್ ಎಂಬ ಫೀಟ್ ಇದೆ. ಸುತ್ತ ನಿಂತ ಎಲ್ಲ ಶತ್ರುಗಳಿಗೂ ಒಂದೊಂದು ಏಟು. ಓದಿದರೆ ಯಾವ ಫೈಟರ್‌ಗೂ ಆಸೆ ಆಗುತ್ತದೆ. ಅದು ಬೇಕಾದರೆ ಮೊದಲು ಕಾಂಬ್ಯಾಟ್ ಎಕ್ಸ್‌ಪರ್ಟೈಸ್, ಡಾಡ್ಜ್, ಮೊಬಿಲಿಟಿ, ಸ್ಪ್ರಿಂಗ್ ಅಟ್ಯಾಕ್ ಈ ನಾಲ್ಕೂ ಫೀಟ್ ಇರಬೇಕು. ಡೆಕ್ಸ್‌ಟೆರಿಟಿ (ಚುರುಕು) 13, ಇಂಟೆಲಿಜೆನ್ಸ್ (ಬುದ್ಧಿ) 13 ಇರಬೇಕು, ಏಟಿನ ದಾಳಕ್ಕೆ ಕೂಡುವ ಬೇಸ್ ಅಟ್ಯಾಕ್ ಬೋನಸ್ 4 ಆಗಿರಬೇಕು. ಮನುಷ್ಯ ಫೈಟರ್ 1ನೇ ಲೆವೆಲ್‌ನಿಂದಲೇ ಗುರಿ ಇಟ್ಟು ನಡೆದರೂ ಅದು ಕೈಗೆ ಸಿಗುವುದು 6ನೇ ಲೆವೆಲ್‌ಗೆ. ಒಂದನೇ ಲೆವೆಲ್‌ನಲ್ಲಿ ಬುದ್ಧಿಗೆ 8 ಇಟ್ಟುಕೊಂಡವನಿಗೆ ಆ ಬಾಗಿಲು ಬಹುತೇಕ ಅಲ್ಲೇ ಮುಚ್ಚಿದಂತೆ, ಅದು ಅವನಿಗೆ ಗೊತ್ತಾಗುವುದು ಎಷ್ಟೋ ತಿಂಗಳ ಮೇಲೆ. ಅದೇ 6ನೇ ಲೆವೆಲ್‌ನಲ್ಲಿ ಪಕ್ಕದಲ್ಲಿ ಕೂತ ಡ್ರೂಯಿಡ್ (ಪ್ರಾಣಿರೂಪ ತಾಳಬಲ್ಲ ಮಂತ್ರಗಾರ) ನ್ಯಾಚುರಲ್ ಸ್ಪೆಲ್ ಎಂಬ ಒಂದೇ ಒಂದು ಫೀಟ್ ತೆಗೆದುಕೊಳ್ಳುತ್ತಾನೆ. ಕರಡಿಯಾಗಿ ಕಚ್ಚುತ್ತಲೇ ಮಂತ್ರ ಹಾಕುತ್ತಾನೆ. ಫೈಟರ್‌ನ ಐದು ಫೀಟ್‌ಗಳ ತಪಸ್ಸು ಅವನ ಒಂದು ಫೀಟ್ ಮುಂದೆ ನಿಲ್ಲುವುದಿಲ್ಲ.

ಇದು ಪೂರ್ತಿ ಆಕಸ್ಮಿಕವೂ ಅಲ್ಲ. ಮೂರನೇ ಆವೃತ್ತಿಯ ವಿನ್ಯಾಸಕರಲ್ಲಿ ಒಬ್ಬರಾದ ಮಾಂಟಿ ಕುಕ್ ಆಮೇಲೆ ಇದರ ಬಗ್ಗೆ ಬರೆದಿದ್ದಾರೆ. ನಿಯಮಗಳನ್ನು ಅರೆದು ಕುಡಿದವರಿಗೆ ಲಾಭ ಸಿಗುವಂತೆ ಆಟ ಕಟ್ಟಿದ್ದೆವು, ಯಾವ ಆಯ್ಕೆ ಎಲ್ಲಿ ಉಪಯೋಗ ಎಂದು ಬಿಡಿಸಿ ಹೇಳಲಿಲ್ಲ ಅನ್ನುವುದು ಅದರ ಸಾರ. ಮೂರೇ ಮೂರು ಹಿಟ್ ಪಾಯಿಂಟ್ (ಪ್ರಾಣದ ಅಂಕ) ಕೊಡುವ ಟಫ್‌ನೆಸ್ ಫೀಟ್ ಇದಕ್ಕೆ ಹೆಸರುವಾಸಿ. ಅಂಥ ಆಟದಲ್ಲಿ 20ನೇ ಲೆವೆಲ್‌ವರೆಗೆ ಯೋಜನೆ ಹಾಕುವುದು ದುರಾಸೆಯಲ್ಲ, ಸೋಲದೇ ಇರಲು ಕಲಿತ ಅಭ್ಯಾಸ. ನಿಮ್ಮ ಗೆಳೆಯ ಆ ಅಭ್ಯಾಸವನ್ನು ಅಷ್ಟೇನೂ ಬೇಕಿಲ್ಲದ ಜಾಗಕ್ಕೆ ತಂದಿದ್ದಾನೆ. ಮೋಸ ಅನ್ನಬೇಡಿ. ಲೆಕ್ಕ ಹಾಕುವವನಿಗೆ ಪಾತ್ರಾಭಿನಯ ಬರುವುದಿಲ್ಲ ಅನ್ನುವುದೂ ಹುರುಳಿಲ್ಲದ ಮಾತು. ಎರಡೂ ಚೆನ್ನಾಗಿ ಮಾಡುವವರಿದ್ದಾರೆ, ಎರಡೂ ಬಾರದವರೂ ಇದ್ದಾರೆ, ಒಂದಕ್ಕೊಂದು ಸಂಬಂಧವಿಲ್ಲ.

2008ರ ನಾಲ್ಕನೇ ಆವೃತ್ತಿ ಈ ಅಂತರ ಮುಚ್ಚಲು ಹೊರಟಿತು. ಫೈಟರ್ ಆಗಲಿ ವಿಜಾರ್ಡ್ ಆಗಲಿ, ಎಲ್ಲರಿಗೂ ಒಂದೇ ಚೌಕಟ್ಟಿನ ಪವರ್‌ಗಳು: ಸದಾ ಬಳಸುವಂಥವು, ಕಾಳಗಕ್ಕೊಮ್ಮೆ, ದಿನಕ್ಕೊಮ್ಮೆ. ತಪ್ಪು ಆಯ್ಕೆ ಮಾಡಿ ಹಾಳಾಗುವ ಭಯ ಬಹಳ ಕಡಿಮೆಯಾಯಿತು, ಆದರೆ ಮೇಜಿನ ಮೇಲೆ ಗುರುತು, ತಡೆ, ಅಡ್ಡಿ, ಸ್ಥಿತಿ ಎಂದು ನೆನಪಿಡಬೇಕಾದದ್ದು ರಾಶಿಯಾಯಿತು. ನಿಮ್ಮಲ್ಲಿ ಯಾರೂ ಇದನ್ನು ಕೇಳಿಲ್ಲ, ಬಿಡಿ. (ನನ್ನನ್ನು ಕೇಳಿದರೆ, ಬೈಸಿಕೊಂಡಷ್ಟು ಕೆಟ್ಟ ಆಟವೇನಲ್ಲ.)

ಈಗ ನೀವು ಆಡುತ್ತಿರುವ ಐದನೇ ಆವೃತ್ತಿ. ಪಳಗಿದ ಕೆಲಸಗಳ ದಾಳಕ್ಕೆ ಕೂಡುವ ಪ್ರೊಫಿಷಿಯೆನ್ಸಿ ಬೋನಸ್ 1ನೇ ಲೆವೆಲ್‌ನಲ್ಲಿ 2, 20ನೇ ಲೆವೆಲ್‌ನಲ್ಲೂ 6 ಮಾತ್ರ. ಹೀಗೆ ಅಂಕಿಗಳಿಗೆ ಲಗಾಮು ಹಾಕಿದ್ದರಿಂದ ಯಾವ ಪಾತ್ರವೂ ಪೂರ್ತಿ ನಿಷ್ಪ್ರಯೋಜಕ ಆಗುವುದಿಲ್ಲ. ಆದರೆ "ಐದನೆಯದರಲ್ಲಿ ಬಿಲ್ಡ್ ಲೆಕ್ಕಕ್ಕಿಲ್ಲ" ಅನ್ನುವವರನ್ನು ನಂಬಬೇಡಿ. ನಿಮ್ಮ ಇಬ್ಬರು ಫೈಟರ್‌ಗಳನ್ನೇ ತೂಗಿ ನೋಡೋಣ. ನೀವು ಅಂಕಿ ಕಳಿಸಿಲ್ಲ, ಸಾಮಾನ್ಯವಾಗಿ ಇರುವುದನ್ನು ಹಿಡಿಯುತ್ತೇನೆ.

ಎದುರಾಳಿಯ ಆರ್ಮರ್ ಕ್ಲಾಸ್ (ಏಟು ತಾಗಲು ದಾಳದಲ್ಲಿ ಮುಟ್ಟಬೇಕಾದ ಅಂಕ) 14 ಇರಲಿ. ಗೆಳತಿ 4ನೇ ಲೆವೆಲ್‌ನಲ್ಲಿ ಸ್ಟ್ರೆಂತ್ ಏರಿಸಿ 18 ಮಾಡಿಕೊಂಡಿದ್ದಾಳೆ ಅಂದುಕೊಳ್ಳಿ. ಅವಳ ಏಟು ತಾಗುವ ಸಾಧ್ಯತೆ ಶೇ 70, ಏಟಿಗೆ ಸರಾಸರಿ 8.5, ಸರದಿಗೆ ಎರಡು ಏಟು. ಸುಮಾರು 12 ಆಯಿತು. ಗೆಳೆಯನ ಸ್ಟ್ರೆಂತ್ 16ರಲ್ಲೇ ನಿಂತಿದೆ, ಫೀಟ್‌ಗಾಗಿ ಅದನ್ನು ಬಿಟ್ಟಿದ್ದಾನೆ. ಗ್ರೇಟ್ ವೆಪನ್ ಮಾಸ್ಟರ್ ಬಳಸಿ ಏಟಿನ ದಾಳದಿಂದ 5 ಕಳೆದು ಪೆಟ್ಟಿಗೆ 10 ಕೂಡಿದರೆ ತಾಗುವ ಸಾಧ್ಯತೆ ಶೇ 40ಕ್ಕೆ ಇಳಿಯುತ್ತದೆ, ತಾಗಿದರೆ ಮಾತ್ರ 18.5. ಅಂಥವು ಎರಡು, ಮೇಲೆ ಪೋಲ್‌ಆರ್ಮ್ ಮಾಸ್ಟರ್ ಕೊಡುವ ಹಿಡಿಯ ಏಟು ಒಂದು. ಕ್ರಿಟಿಕಲ್ (ಅಪರೂಪದ ಭಾರಿ ಏಟು) ಬಿಟ್ಟು ಲೆಕ್ಕ ಹಾಕಿದರೆ ಸರದಿಗೆ 21. ಗೆಳತಿಗೆ ಅನಿಸಿದ್ದು ಹೊಟ್ಟೆಕಿಚ್ಚಲ್ಲ, ಲೆಕ್ಕ ಅವಳ ಪರವಾಗಿದೆ.

ಈಗ ಆರ್ಮರ್ ಕ್ಲಾಸ್ 19 ಇರುವವನನ್ನು ನಿಲ್ಲಿಸಿ. ಗೆಳೆಯ ಅದೇ ಚಾಳಿ ಮುಂದುವರಿಸಿದರೆ ತಾಗುವುದು ಶೇ 15 ಮಾತ್ರ, ಗ್ಲೇವ್ ಏಟಿಗೆ ಸರಾಸರಿ 2.8. ಸುಮ್ಮನೆ ಹೊಡೆದರೆ 3.4. ಅಂದರೆ ಆ ಫೀಟ್ ಎಲ್ಲ ಕಡೆ ಗೆಲ್ಲುವುದಿಲ್ಲ. ತೆಳು ಕವಚದವರು ಸಾಲಾಗಿ ಬಂದು ನಿಲ್ಲುವ ಕಾಳಗಗಳಲ್ಲಿ ಗೆಲ್ಲುತ್ತದೆ. ನಿಮ್ಮ ಕಾಳಗಗಳೆಲ್ಲ ಹಾಗೇ ಇದ್ದರೆ, ಅವನು ಮೆರೆಯುವುದಕ್ಕೆ ಅಂಗಳ ಹಾಕಿಕೊಟ್ಟದ್ದು ನೀವೇ.

ಇನ್ನು ದಾರಿಗಳು.

1981ರ ಬೇಸಿಕ್ ಮತ್ತು ಎಕ್ಸ್‌ಪರ್ಟ್, 64 ಪುಟದ ಎರಡು ಪುಸ್ತಕ. ಇವತ್ತಿಗೆ ಓದಲು ಅದರ ಮರುರೂಪವಾದ ಓಲ್ಡ್ ಸ್ಕೂಲ್ ಎಸೆನ್ಷಿಯಲ್ಸ್ ಇನ್ನೂ ಅಚ್ಚುಕಟ್ಟು, ನಿಯಮಗಳು ಅವೇ. ಪಾತ್ರ ಹತ್ತು ನಿಮಿಷದಲ್ಲಿ ಸಿದ್ಧ. ಹೊಸಬರಿಗೆ ಇದರಲ್ಲಿ ನಿಜವಾದ ಸುಖವಿದೆ: ಶೀಟ್ ನೋಡದೆ "ನಾನು ಬಾಗಿಲ ಕೆಳಗಿಂದ ಕನ್ನಡಿ ತೂರಿಸಿ ನೋಡ್ತೀನಿ" ಅನ್ನಬಹುದು. ಆದರೆ ಫೈಟರ್‌ಗೆ ಮೊದಲ ಲೆವೆಲ್‌ನಲ್ಲಿ ಎಂಟು ಮುಖದ ದಾಳ ಒಂದರಷ್ಟೇ ಪ್ರಾಣ, ಹಿಟ್ ಪಾಯಿಂಟ್ ಸೊನ್ನೆ ಆದರೆ ಸಾವು. 5ನೇ ಲೆವೆಲ್ ವೀರರಾಗಿ ಮೆರೆದವರಿಗೆ ಇದು ಕಪಾಳಕ್ಕೆ ಹೊಡೆದಂತೆ ಆಗಬಹುದು. ನಿಯಮ ಸುಮ್ಮನಿರುವ ಕಡೆಯೆಲ್ಲ ತೀರ್ಪು ಹೇಳಬೇಕಾದವರು ನೀವು. ತೀರ್ಪು ಹೇಳಿ ಅದಕ್ಕೆ ಅಂಟಿಕೊಳ್ಳುವ ಗಟ್ಟಿತನ ಇದ್ದರೆ ಹೋಗಿ. ಸ್ಪ್ರೆಡ್‌ಶೀಟ್ ಗೆಳೆಯನಿಗೆ ಅಲ್ಲಿ ಮಾಡಲು ಕೆಲಸವೇ ಇಲ್ಲ, ಅವನು ಬೇಸತ್ತು ಹೊರಡುವ ಸಾಧ್ಯತೆ ಗೆಳತಿ ಹೊರಡುವಷ್ಟೇ ಇದೆ.

ಪಾತ್‌ಫೈಂಡರ್ ಎರಡನೇ ಆವೃತ್ತಿ ಬಂದದ್ದು 2019ರಲ್ಲಿ. ಸಮತೋಲನದ ಮಾತು ನಿಜ. ಪಳಗಿದವನ ಪಾತ್ರಕ್ಕೂ ಹೊಸಬರ ಪಾತ್ರಕ್ಕೂ ಅಂತರ ಅಲ್ಲಿ ಕಿರಿದು. ಸರದಿಗೆ ಮೂರು ಆ್ಯಕ್ಷನ್ ಅನ್ನುವ ನಿಯಮ ಮಕ್ಕಳಿಗೂ ಅರ್ಥವಾಗುತ್ತದೆ. ತೊಂದರೆ ಏನೆಂದರೆ ಆಯ್ಕೆಗಳು ಹೆಚ್ಚು ಕಡಿಮೆ ಪ್ರತಿ ಲೆವೆಲ್‌ನಲ್ಲೂ ಬರುತ್ತವೆ: ಕ್ಲಾಸ್ ಫೀಟ್, ಸ್ಕಿಲ್ ಫೀಟ್, ಆ್ಯನ್ಸೆಸ್ಟ್ರಿ ಫೀಟ್. ಬೇಕಾದ್ದಕ್ಕಿಂತ 10 ಹೆಚ್ಚು ಬಂದರೆ ಕ್ರಿಟಿಕಲ್ ಆಗುವ ಆಟವಾದ್ದರಿಂದ ಒಂದೊಂದು ಅಂಕವೂ ಎರಡೆರಡು ಸಲ ಲೆಕ್ಕಕ್ಕೆ ಬರುತ್ತದೆ, ಯಾರು ಹೆದರಿದ್ದಾರೆ, ಯಾರು ಎಡವಿದ್ದಾರೆ ಎಂದು ಗಮನಿಸುತ್ತಲೇ ಇರಬೇಕು. ಆಯ್ಕೆ ಕಂಡರೆ ಕಂಗಾಲಾಗುವವರನ್ನು ಉಳಿಸಲು ಆಯ್ಕೆಗಳ ಸಂತೆಗೆ ಕರೆದುಕೊಂಡು ಹೋಗುವುದು ಎಷ್ಟು ಸರಿ ಯೋಚಿಸಿ. ಆದರೂ ಆಸೆ ಇದ್ದರೆ ಸಿದ್ಧ ಪಾತ್ರಗಳಿರುವ ಬಿಗಿನರ್ ಬಾಕ್ಸ್ ತಂದು ಒಮ್ಮೆ ಆಡಿ, ಆಮೇಲೆ ದೊಡ್ಡ ಪುಸ್ತಕ.

2024ರ ಪರಿಷ್ಕೃತ ಐದನೆಯದು ನಿಮ್ಮ ಜಗಳದ ಬೇರಿಗೇ ಕೈ ಹಾಕಿದೆ. ಅದರಲ್ಲಿ ಗ್ರೇಟ್ ವೆಪನ್ ಮಾಸ್ಟರ್‌ನ ಐದು ಕಳೆದು ಹತ್ತು ಕೂಡುವ ಆಟ ಇಲ್ಲ, ಅದರ ಬದಲು ಪ್ರೊಫಿಷಿಯೆನ್ಸಿ ಬೋನಸ್‌ನಷ್ಟು ಹೆಚ್ಚು ಪೆಟ್ಟು ಅಷ್ಟೇ. ಆದರೆ ಎಲ್ಲರಿಗೂ ಮೊದಲ ಲೆವೆಲ್‌ಗೇ ಒಂದು ಫೀಟ್, ಫೈಟರ್‌ಗಳಿಗೆ ಆಯುಧಕ್ಕೊಂದು ವೆಪನ್ ಮಾಸ್ಟರಿ ಎಂಬ ವಿಶೇಷ ಪಟ್ಟು ಸೇರಿದೆ. ಗೆಳತಿ ನೆನಪಿಡಬೇಕಾದದ್ದು ಕಡಿಮೆಯಾಗುವುದಿಲ್ಲ, ಹೆಚ್ಚುತ್ತದೆ.

ನನ್ನ ಸಲಹೆ, ಈಗಿನ ಕಥೆ ಮುಗಿಯುವವರೆಗೆ ಆವೃತ್ತಿ ಬದಲಿಸಬೇಡಿ. ಅರ್ಧ ದಾರಿಯಲ್ಲಿ ಪಾತ್ರಗಳನ್ನು ಒಂದು ಆವೃತ್ತಿಯಿಂದ ಇನ್ನೊಂದಕ್ಕೆ ಸಾಗಿಸಿದಾಗ ಹೆಸರು ಉಳಿಯುತ್ತದೆ, ಕೈಗೆ ಹತ್ತಿದ ಆಟ ಉಳಿಯುವುದಿಲ್ಲ. ಬೇಸಿಕ್ ಕೇಳಿದ ಗೆಳೆಯನಿಗೆ ಒಂದು ಸಂಜೆ ಬೇರೆ ಪಾತ್ರಗಳೊಂದಿಗೆ ಅದನ್ನೇ ಆಡಿಸಿ, ಅಥವಾ ಅವನೇ ಆಡಿಸಲಿ.

2014ರ ಪುಸ್ತಕದಲ್ಲಿ ಫೀಟ್ ಮತ್ತು ಮಲ್ಟಿಕ್ಲಾಸ್ ಎರಡೂ ಡಂಜನ್ ಮಾಸ್ಟರ್ ಒಪ್ಪಿದರೆ ಮಾತ್ರ ಬಳಸುವ ಐಚ್ಛಿಕ ನಿಯಮಗಳು. ನಿಮಗೆ ಆ ಅಧಿಕಾರ ಇದೆ. ಆದರೆ ಕೊಟ್ಟದ್ದನ್ನು ಈಗ ಕಿತ್ತುಕೊಂಡರೆ ಗೆಳೆಯ ಮುನಿಸಿಕೊಳ್ಳುತ್ತಾನೆ, ಅವನ ಮುನಿಸಿಗೂ ನ್ಯಾಯವಿದೆ. ಅವನೊಬ್ಬನನ್ನೇ ಕೂರಿಸಿಕೊಂಡು ಮಾತಾಡಿ, ಎಲ್ಲರ ಮುಂದೆ ಬೇಡ. "ನಿನ್ನ ಪಾತ್ರ ಜಾಸ್ತಿಯಾಯ್ತು" ಅನ್ನಬೇಡಿ, "ಅವಳು ಬಿಟ್ಟು ಹೋಗೋ ಹಾಗಿದ್ದಾಳೆ, ನಿನಗೆ ನಿಯಮ ಗೊತ್ತು, ಏನು ಮಾಡಬಹುದು?" ಎಂದು ಕೇಳಿ. ಇಂಥವರಲ್ಲಿ ಹೆಚ್ಚಿನವರಿಗೆ ಗೆಲ್ಲುವುದಕ್ಕಿಂತ ಒಗಟು ಬಿಡಿಸುವುದು ಇಷ್ಟ. ಹೊಸ ಒಗಟು ಕೊಟ್ಟರೆ ಅದರ ಹಿಂದೆ ಬೀಳುತ್ತಾರೆ. ಒಂದು ಎಚ್ಚರಿಕೆ: ಗೆಳತಿಯ ಶೀಟ್ ಅನ್ನು ಅವನೇ ಬರೆದುಕೊಡಲು ಬಿಡಬೇಡಿ. ಎರಡು ಮೂರು ದಾರಿ ತೋರಿಸಲಿ, ಆರಿಸುವುದು ಅವಳು.

ನಿಮ್ಮ ಕಾಳಗಗಳನ್ನೂ ಬೆರೆಸಿ. ಒಮ್ಮೆ ದಪ್ಪ ಕವಚದ ಒಬ್ಬ, ಒಮ್ಮೆ ಎರಡು ಬಾಗಿಲಲ್ಲಿ ಎರಡು ಗುಂಪು, ಒಮ್ಮೆ ಯಾರನ್ನೋ ಕಾಯಬೇಕಾದ ಸಂದರ್ಭ. ಪ್ರತಿ ಸಲವೂ ಗ್ಲೇವ್ ಕೆಲಸ ಮಾಡದ ಜಾಗವನ್ನೇ ಹುಡುಕಿದರೆ ಅವನಿಗೆ ತಕ್ಷಣ ಗೊತ್ತಾಗುತ್ತದೆ, ಹಾಗೆ ಮಾಡಬೇಡಿ.

ಅದೃಷ್ಟಕ್ಕೆ ನಿಮ್ಮ ಮುಂದಿನ ಮೆಟ್ಟಿಲು 6ನೇ ಲೆವೆಲ್, ಫೈಟರ್‌ಗಳಿಗೆ ಅಲ್ಲಿ ಬೇರೆಯವರಿಗಿಲ್ಲದ ಒಂದು ಹೆಚ್ಚುವರಿ ಫೀಟ್ ಅವಕಾಶ ಇದೆ. ಗೆಳತಿಗೆ ಎರಡು ಆಯ್ಕೆ ಮುಂದಿಡಿ. ಸೆಂಟಿನೆಲ್ ತೆಗೆದುಕೊಂಡರೆ, ಅವಳ ಪಕ್ಕದಲ್ಲಿರುವ ಶತ್ರು ಅವಳನ್ನು ಬಿಟ್ಟು ಬೇರೆಯವರಿಗೆ ಹೊಡೆದಾಗ, ಸುತ್ತಿಗೆ ಒಂದೇ ಸಲ ಸಿಗುವ ರಿಯಾಕ್ಷನ್‌ನಲ್ಲಿ ಅವಳಿಗೊಂದು ಏಟು. ಅದು ಪ್ರತಿ ಸುತ್ತಿಗೂ ಸಿಕ್ಕರೆ ಮೇಲೆ ಹಾಕಿದ 12ರ ಲೆಕ್ಕ 18ರ ಹತ್ತಿರ ಬರುತ್ತದೆ, ನೆನಪಿಡಬೇಕಾದದ್ದು ಹೆಚ್ಚೇನಿಲ್ಲ. ಇನ್ನೊಂದು ಶೀಲ್ಡ್ ಮಾಸ್ಟರ್. ಹೊಡೆದ ಮೇಲೆ ಸರದಿಯ ಹೆಚ್ಚುವರಿ ಕ್ರಿಯೆಯಾದ ಬೋನಸ್ ಆ್ಯಕ್ಷನ್‌ನಲ್ಲಿ ಗುರಾಣಿಯಿಂದ ತಳ್ಳಿ ಶತ್ರುವನ್ನು ಕೆಡವಲು ನೋಡಬಹುದು, ಅವನು ಅವಳಿಗಿಂತ ಒಂದು ಅಳತೆಗಿಂತ ಹೆಚ್ಚು ದೊಡ್ಡವನಾಗಿರಬಾರದು, ತಳ್ಳಾಟದ ದಾಳದಲ್ಲಿ ಅವಳು ಗೆಲ್ಲಬೇಕು. ನನಗೆ ಇಷ್ಟ ಇದೇ. ಬಿದ್ದವನ ಮೇಲೆ ಐದು ಅಡಿಯೊಳಗಿಂದ ಹೊಡೆಯುವವರಿಗೆ ಅಡ್ವಾಂಟೇಜ್ (ಎರಡು ದಾಳ ಉರುಳಿಸಿ ದೊಡ್ಡದನ್ನು ಹಿಡಿಯುವುದು) ಸಿಗುವುದರಿಂದ, ಗೆಳೆಯನ ಶೇ 40ರ ದೊಡ್ಡ ಏಟು ಶೇ 64 ಆಗುತ್ತದೆ. ಅವನ ಸ್ಪ್ರೆಡ್‌ಶೀಟ್ ಆಗ ಅವಳ ಗುರಾಣಿಯ ಮೇಲೆ ನಿಂತಿರುತ್ತದೆ, ಅದು ಮೊದಲು ಗೊತ್ತಾಗುವುದೂ ಅವನಿಗೇ.

ಇದಕ್ಕೆ ಎರಡು ವಿಷಯ ನೋಡಿಕೊಳ್ಳಬೇಕು. ಹತ್ತು ಅಡಿ ದೂರದಿಂದ ಗ್ಲೇವ್ ಬೀಸಿದರೆ ಬಿದ್ದವನ ಮೇಲೆ ಅಡ್ವಾಂಟೇಜ್ ಬದಲು ಡಿಸ್‌ಅಡ್ವಾಂಟೇಜ್ (ಎರಡರಲ್ಲಿ ಸಣ್ಣದನ್ನು ಹಿಡಿಯುವುದು) ಬರುತ್ತದೆ, ಹಾಗಾಗಿ ಗೆಳೆಯ ಹತ್ತಿರ ಬಂದೇ ಹೊಡೆಯಬೇಕು. ಇನ್ನೊಂದು ಇನಿಷಿಯೇಟಿವ್, ಅಂದರೆ ಸರದಿಗಳ ಕ್ರಮ: ಗೆಳತಿಯ ಸರದಿಗೂ ಅವನ ಸರದಿಗೂ ನಡುವೆ ಆ ಶತ್ರುವಿನ ಸರದಿ ಬಂದರೆ ಅವನು ಎದ್ದು ನಿಂತಿರುತ್ತಾನೆ. ಅಂಥ ಸುತ್ತುಗಳಲ್ಲಿ ಅವಳು ತಳ್ಳುವ ಗೋಜಿಗೆ ಹೋಗದೆ ಸುಮ್ಮನೆ ಎರಡು ಏಟು ಹೊಡೆಯಲಿ.